ಒಬ್ಬ ರಕ್‌ಮನ್ ಸಾಕೆಂದ ಆಯ್ಕೆ ಸಮಿತಿಯ ಅಧ್ಯಕ್ಷರಿಗೆ

ಮಾನ್ಯರೇ,

ಕಳೆದ ಶನಿವಾರ ಅಬುಧಾಬಿಯ ಬನಿಯಾಸ್‌ನ ಮೈದಾನದಲ್ಲಿ ನಮ್ಮ ತಂಡ ನಾಲ್ಕು ಅಂಕಗಳಿಂದ ಸೋತಿತು. ಒಬ್ಬನೇ ರಕ್‌ಮನ್ ಸಾಕೆಂಬ ತಮ್ಮ ಘನ ತೀರ್ಮಾನವೇ ಅದಕ್ಕೆ ಕಾರಣವೆಂದು ಎಲ್ಲರೆದುರು ಹೇಳುವುದಕ್ಕಾಗಿ ಈ ಪತ್ರ.

ಆಸ್ಟ್ರೇಲಿಯನ್ ಫುಟ್‌ಬಾಲ್ ನೋಡದವರಿಗೆ ಒಂದು ಮಾತು. ಅಂಪೈರ್ ನೆಲಕ್ಕೆ ಬಡಿದ ಚೆಂಡು ಮೇಲೆದ್ದಾಗ, ಎದುರಾಳಿಗಿಂತ ಎತ್ತರಕ್ಕೆ ನೆಗೆದು ಅದನ್ನು ನಮ್ಮವರತ್ತ ತಟ್ಟುವವನೇ ರಕ್‌ಮನ್. ಕರಾವಳಿಯವರೇ ಕೂಡಿ ಕಟ್ಟಿದ ಈ ತಂಡದಲ್ಲಿ ಆರು ವರ್ಷ ಆ ಕೆಲಸ ನನ್ನದಾಗಿತ್ತು. ವಾರವಿಡೀ ದುಬೈಯ ದೇರಾದ ಗೋದಾಮಿನಲ್ಲಿ ದುಡಿದು, ರಜೆಯ ದಿನ ನೆಗೆಯುತ್ತಿದ್ದೆ. ಆಗ ಇಬ್ಬರು ಬೇಕೆಂದು ನಾನೂ ಕೇಳಿರಲಿಲ್ಲ, ನಿಜ. ಈ ವರ್ಷ ಎಲ್ರಾಯ್ ಬಂದ. ಇಪ್ಪತ್ತಾರರ ಪ್ರಾಯ, ನನಗಿಂತ ಎರಡು ಇಂಚು ಎತ್ತರ. ತಾವು ಅವನನ್ನು ಆರಿಸಿ ನನ್ನ ಕೈಗೆ ನೀರಿನ ಬಾಟಲಿಗಳನ್ನು ಕೊಟ್ಟಿರಿ. "ಎತ್ತರದವರು ಇಬ್ಬರಾದ್ರೆ ಓಟ ನಿಧಾನ ಆಗ್ತದೆ ಲತೇಶ್" ಎಂದಿರಿ. ನಾಲ್ಕೂ ಕ್ವಾರ್ಟರ್ ಒಬ್ಬನೇ ನೆಗೆಯಲು ಅವನ ಕಾಲೇನು ಕಬ್ಬಿಣದ್ದೇ?

ನನ್ನ ಹೆಂಡತಿ ಪ್ರಫುಲ್ಲಾ ಇದನ್ನೆಲ್ಲ ಕೇಳಿ, "ನಿಮ್ಗೆ ಹೊಟ್ಟೆಕಿಚ್ಚು ಮಾರಾಯ್ರೆ, ನ್ಯಾಯ ಗೀಯ ಎಂತದೂ ಇಲ್ಲ" ಎಂದಳು. ಎರಡು ದಿನ ನಾನು ಅವಳೊಡನೆ ಮಾತಾಡಲಿಲ್ಲ.

ಪಂದ್ಯದ ಮೊದಲು ಎಲ್ರಾಯ್ ನನ್ನ ಬಳಿ ಬಂದ. "ಲತೇಶಣ್ಣ, ಅವರ ರಕ್‌ಮನ್ ಹೇಗೆ ಆಡ್ತಾನೆ? ನೀವು ಅವನೆದುರು ಆಡಿದ್ದೀರಲ್ಲ."

ಆ ಮನುಷ್ಯ ನೆಗೆಯುವಾಗ ಎದುರಿನವನ ಪಕ್ಕೆಗೆ ಮೊಣಕಾಲು ಒತ್ತುತ್ತಾನೆ. ಒಂದು ಹೆಜ್ಜೆ ಬಲಕ್ಕೆ ಸರಿದು ನಿಂತರೆ ತಪ್ಪಿಸಿಕೊಳ್ಳಬಹುದು. ನಾನು ಪಕ್ಕೆ ನೋಯಿಸಿಕೊಂಡೇ ಕಲಿತದ್ದು.

"ನೆನಪಿಲ್ಲ ಮಾರಾಯ" ಎಂದೆ.

ಮೂರನೇ ಕ್ವಾರ್ಟರ್ ಹೊತ್ತಿಗೆ ಎಲ್ರಾಯ್ ಪಕ್ಕೆ ಹಿಡಿದುಕೊಂಡು ಓಡುತ್ತಿದ್ದ. ನಾಲ್ಕನೆಯದರಲ್ಲಿ ಮೀನಖಂಡ ಸೆಟೆದು ಬಿದ್ದ. ತಾವು ಅವನ ಜಾಗಕ್ಕೆ ಗಿಡ್ಡ ಕೀರ್ತನ್‌ನನ್ನು ಕಳಿಸಿದಿರಿ; ನನ್ನ ಹೆಸರು ಪಟ್ಟಿಯಲ್ಲೇ ಇರಲಿಲ್ಲ. ಆಮೇಲೆ ಒಂದು ಚೆಂಡೂ ನಮ್ಮ ಕಡೆ ಬರಲಿಲ್ಲ. ಬೆಂಚಿನಲ್ಲಿ ಕೂತು ನಾನು ಒಳಗೊಳಗೇ ಖುಷಿಪಟ್ಟೆ.

ಮರಳುವಾಗ ಅವನನ್ನು ಸಿಲಿಕಾನ್ ಓಯಸಿಸ್‌ನ ಮನೆಗೆ ಬಿಟ್ಟವನೂ ನಾನೇ. ಕಾರು ನಿಂತಾಗ ಅವನೆಂದ: "ನಿಮ್ಮನ್ನೂ ಹಾಕಿ ಅಂತ ಎರಡು ಸಲ ಕೇಳಿದೆ ಅಣ್ಣ. ಲತೇಶ್‌ದು ಖಲಾಸ್ ಅಂದ್ರು."

ತಮ್ಮ ಮಾತಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಮೊಣಕಾಲಿನ ವಿಷಯವನ್ನು ಅಲ್ಲೇ ಅವನಿಗೆ ಹೇಳಿಬಿಟ್ಟೆ. ಅವನು ಕಾರಿನ ಬಾಗಿಲು ತೆರೆದ. "ಬೆಳಿಗ್ಗೆಯೇ ಹೇಳಬಹುದಿತ್ತು" ಎಂದಷ್ಟೇ ಹೇಳಿ, ಕುಂಟುತ್ತ ಲಿಫ್ಟಿನತ್ತ ಹೋದ.

ಆ ನಾಲ್ಕು ಅಂಕಗಳಲ್ಲಿ ತಮ್ಮ ಪಾಲೆಷ್ಟು, ನನ್ನ ಪಾಲೆಷ್ಟು ಎಂದು ಇನ್ನು ವಾದಿಸುವುದಿಲ್ಲ. ಮುಂದಿನ ಪಂದ್ಯಕ್ಕೆ ಇಬ್ಬರನ್ನೂ ಆರಿಸಿ. ಮೊದಲ ನೆಗೆತ ಅವನದಿರಲಿ, ಅವನು ದಣಿದಾಗ ನನ್ನನ್ನು ಕಳಿಸಿ. ಸಂತೋಷದಿಂದ ಹೇಳುತ್ತಿದ್ದೇನೆಂದು ಮಾತ್ರ ತಿಳಿಯಬೇಡಿ. ಅವನು ನೆಗೆದಾಗಲೆಲ್ಲ ನನಗೆ ಇನ್ನೂ ಉರಿಯುತ್ತದೆ. ಆದರೆ ಅವನು ಏನಾದರೂ ಕೇಳಿದರೆ ಹೇಳಿಕೊಡುತ್ತೇನೆ.

ಇಂತಿ,
ಎರಡನೆಯವನಾಗಲು ಕಷ್ಟಪಟ್ಟು ಒಪ್ಪಿದ
ಲತೇಶ್, ದೇರಾ