ರಸ್ತೆಯ ಆಚೆ ಬದಿಯ ಅಪ್ಪನಿಗೆ

ಅಪ್ಪಾ,

ಒಂದೇ ಮನೆಯಲ್ಲಿ ಉಣ್ಣುವವರಿಗೆ ಕಾಗದವೇಕೆ ಎಂದು ನಗಬೇಡ. ಎದುರಿಗೇ ಹೇಳೋಣವೆಂದು ಮೂರು ಸಲ ಬಾಯಿ ತೆರೆದೆ. ಮೂರು ಸಲವೂ ನೀನು, "ಕೈ ನೋಯ್ತಿದೆಯಾ? ಹೋಗು, ಮಲಕ್ಕೋ" ಎಂದುಬಿಟ್ಟೆ.

ನೀನು ಜಗುಲಿಯಲ್ಲಿ ಕೂತು ಮುರಿದ ಮೂಳೆ ಕೂಡಿಸುತ್ತೀಯ. ಎದುರಿನ ಆಸ್ಪತ್ರೆಯಲ್ಲಿ ನಾನು ಎಕ್ಸ್‌ರೇ ತೆಗೆಯುತ್ತೇನೆ. ಎಷ್ಟೋ ಜನ ನನ್ನಿಂದ ಫಿಲ್ಮು ಇಸಿದುಕೊಂಡು, ಡಾಕ್ಟರಿಗೂ ತೋರಿಸದೆ ರಸ್ತೆ ದಾಟಿ ನಿನ್ನ ಮುಂದೆ ಕೂರುತ್ತಾರೆ. ನೀನೋ ಫಿಲ್ಮನ್ನು ಪಕ್ಕಕ್ಕೆ ಸರಿಸಿ ಹೆಬ್ಬೆರಳಿನಲ್ಲೇ ಬಿರುಕು ಹುಡುಕುತ್ತೀಯ. "ನಿಮ್ಮಪ್ಪ ಇರೋವರೆಗೂ ನಮ್ಮ ಪ್ಲಾಸ್ಟರು ಗೋಡೆಗೇ ಸರಿ" ಎಂದು ಡಾಕ್ಟರು ನನ್ನನ್ನು ಛೇಡಿಸುತ್ತಾರೆ.

ಹೋದ ಸೋಮವಾರ ಆಸ್ಪತ್ರೆಯ ಮೆಟ್ಟಿಲಲ್ಲಿ ಜಾರಿ ನನ್ನ ಎಡ ಮಣಿಕಟ್ಟು ಬಿರುಕುಬಿಟ್ಟಾಗ, ಕಾಲು ತಾನಾಗಿಯೇ ಗೇಟಿನವರೆಗೆ ಬಂತು. ನೀನು ಆಗಲೇ ಬಿದಿರಿನ ದಬ್ಬೆ ಹಿಡಿದು ಜಗುಲಿಯಂಚಿನಲ್ಲಿ ನಿಂತಿದ್ದೆ. ನಾನು ಅಷ್ಟು ಜನರೆದುರು ಬೆನ್ನು ತಿರುಗಿಸಿ ಆಸ್ಪತ್ರೆಯೊಳಗೇ ಹೋದೆ. ಹಿತ್ತಲ ಗಿಡ ಮದ್ದಲ್ಲವೆಂದು ಯಾರೋ ನಕ್ಕದ್ದು ನನಗೂ ಕೇಳಿಸಿತು.

ಸಂಜೆ ನೀನು ಏನೂ ಬೈಯಲಿಲ್ಲ. ಪ್ಲಾಸ್ಟರಿನಾಚೆ ಇಣುಕುತ್ತಿದ್ದ ನನ್ನ ಬೆರಳುಗಳನ್ನು ಮುಟ್ಟಿ, "ಬಿಗಿ ಜಾಸ್ತಿಯಾಗಿದೆ ಮಗಾ, ಸಡಿಲ ಮಾಡಿಸ್ಕೋ" ಎಂದೆ. "ಓದಿದೋರಿಗೆ ಅಷ್ಟು ಗೊತ್ತಾಗಲ್ವಾ?" ಎಂದು ನಾನು ರೇಗಿದೆ. ಬೆಳಗಾಗುವಷ್ಟರಲ್ಲಿ ಬೆರಳು ನೀಲಿಗಟ್ಟಿದ್ದವು. ಡಾಕ್ಟರು ಗಾಬರಿಯಿಂದ ಪ್ಲಾಸ್ಟರು ಕತ್ತರಿಸಿ, ನನ್ನಿಂದ ನಿನ್ನ ಮಾತು ಕೇಳಿ, "ನಿಮ್ಮಪ್ಪ ಹೇಳಿದಾಗಲೇ ಬರೋದಲ್ವೇನಮ್ಮಾ" ಎಂದರು.

ಹಾಗಾದರೆ ಗೇಟಿನಿಂದ ಯಾಕೆ ಹಿಂದಿರುಗಿದೆ? ಅದನ್ನೇ ಹೇಳಬೇಕಿತ್ತು.

ಮೂಲೆಮನೆಯ ದರ್ಜಿಯಕ್ಕನ ಮೊಣಕೈಗೆ ನೀನು ಕಟ್ಟು ಹಾಕಿದ್ದೆಯಲ್ಲ, ಆಮೇಲೆ ಅವಳು ನಮ್ಮ ಆಸ್ಪತ್ರೆಗೆ ಬಂದಿದ್ದಳು. ಎಕ್ಸ್‌ರೇ ತೆಗೆದವಳು ನಾನೇ. ಮೂಳೆ ಸೊಟ್ಟಗೆ ಕೂಡಿದೆ, ಅಪ್ಪಾ. ಕೈ ಪೂರ್ತಿ ಚಾಚಲಾಗುವುದಿಲ್ಲ, ಬಟ್ಟೆ ಕತ್ತರಿಸಲಾಗುವುದಿಲ್ಲ. ಅಷ್ಟಾದರೂ ಅವಳು ನನ್ನ ಕೈ ಹಿಡಿದು, "ನಿಮ್ಮಪ್ಪಂಗೆ ಹೇಳ್ಬೇಡ ಕಣೇ, ನೊಂದ್ಕೋತಾರೆ" ಎಂದಳು. "ಅವಳು ಮತ್ತೆ ಬರಲೇ ಇಲ್ಲ, ವಾಸಿಯಾಗಿರ್ಬೇಕು" ಎಂದು ನೀನು ಖುಷಿಪಟ್ಟಾಗ ನಾನು ತಲೆಯಾಡಿಸಿದೆ. ತಿಂಗಳಿನಿಂದ ಆ ಫಿಲ್ಮು ನನ್ನ ಬೀರುವಿನಲ್ಲಿ ಬಟ್ಟೆಗಳ ಕೆಳಗಿದೆ.

ನಿನ್ನೆ ಅವಳ ಮನೆಗೆ ಹೋಗಿ, ಅಪ್ಪನಿಗೆ ಹೇಳುತ್ತೇನೆ ಎಂದೆ. ಅವಳು ಅತ್ತಳು. ನಾನೂ ಅತ್ತೆ. ಯಾರಿಗಾಗಿ ಎಂದು ಇಬ್ಬರಿಗೂ ತಿಳಿಯಲಿಲ್ಲ.

ಫಿಲ್ಮನ್ನು ಈ ಕಾಗದದ ಜೊತೆ ಇಟ್ಟಿದ್ದೇನೆ. ಕಟ್ಟು ಹಾಕುವುದನ್ನು ಬಿಟ್ಟುಬಿಡು ಎನ್ನಲೇ? ಬಿಟ್ಟಿದ್ದರೆ ನನ್ನ ಬೆರಳು ಮುಟ್ಟಿ ನೋಡುವವರು ಯಾರಿದ್ದರು? ಬಿಡಬೇಡ ಎನ್ನಲೇ? ನಾಳೆ ಇನ್ನೊಬ್ಬಳ ಮೊಣಕೈ ಬಂದರೆ? ನನಗೆ ದಿಕ್ಕೇ ತೋಚುತ್ತಿಲ್ಲ. ಮೊದಲು ದರ್ಜಿಯಕ್ಕನ ಮನೆಗೆ ಹೋಗೋಣ. ಬೇಕಾದರೆ ನಾನೂ ನಿನ್ನ ಪಕ್ಕದಲ್ಲಿ ತಲೆತಗ್ಗಿಸಿ ನಿಲ್ಲುತ್ತೇನೆ. ಆಮೇಲಿನದು ನನಗೆ ಗೊತ್ತಿಲ್ಲ.

ನಿನಗೆ ಒಳ್ಳೆಯದಾಗಲಿ, ಅವಳಿಗೂ ಆಗಲಿ. ಇದನ್ನೋದಿ ಮಾತು ಬಿಡಬೇಡ; ಬೇಕಾದರೆ ಬೈದುಬಿಡು.

ಇಂತಿ,
ನಿನ್ನಿಂದ ಮುಚ್ಚಿಟ್ಟು ಸುಸ್ತಾದ ಮಗಳು