ಯಂತ್ರ ‘ನೋಡಲಾಗಲಿಲ್ಲ’ ಎಂದಿತು, ನೀವು ‘ದೋಷವಿಲ್ಲ’ ಎಂದಿರಿ

ವಿಶಾಖಪಟ್ಟಣ,
೬ ಸೆಪ್ಟೆಂಬರ್ ೧೯೯೯

ಮಾನ್ಯ ಪ್ರಯೋಗಾಲಯದ ಮುಖ್ಯಸ್ಥರೇ,

ನಿಮ್ಮ ಆಸ್ಪತ್ರೆಯ ಪ್ರಯೋಗಾಲಯ ನೂರ ಮೂವತ್ತೊಂದು ಹೆಂಗಸರಿಗೆ ಸುಳ್ಳು ಬರೆದುಕೊಟ್ಟಿದೆ. ಅವರು ಕೊಟ್ಟ ಜೀವಕೋಶದ ಮಾದರಿಯನ್ನು ಮನುಷ್ಯರೂ ನೋಡಿಲ್ಲ, ಯಂತ್ರವೂ ನೋಡಿಲ್ಲ. ಆದರೂ ಒಬ್ಬೊಬ್ಬರ ಕೈಗೂ ‘ದೋಷವಿಲ್ಲ’ ಎಂಬ ಕಾಗದ ಮೊಹರು ಸಮೇತ ತಲುಪಿದೆ. ಅವರಲ್ಲಿ ಒಬ್ಬಳು ನನ್ನ ಓರಗಿತ್ತಿ ಕಮಲಾ. ಅವಳೀಗ ವಿಜಯವಾಡದಲ್ಲಿ ಗರ್ಭಕೋಶದ ಬಾಯಿಯ ಕ್ಯಾನ್ಸರಿಗೆ ವಾರಕ್ಕೆ ಐದು ದಿನ ರೇಡಿಯೇಷನ್ ಕರೆಂಟು ಕೊಡಿಸಿಕೊಳ್ಳುತ್ತಿದ್ದಾಳೆ. ಉಳಿದ ನೂರ ಮೂವತ್ತು ಜನ ಏನಾಗಿದ್ದಾರೆಂದು ನಿಮಗೆ ಗೊತ್ತೇ? ಗೊತ್ತು ಮಾಡಿಕೊಳ್ಳುವ ಮನಸ್ಸಾದರೂ ಇದೆಯೇ?

ಇಂಗ್ಲಿಷಿನಲ್ಲಿ ಎರಡು ಅರ್ಜಿ ಕೊಟ್ಟೆ, ತೆಲುಗಿನಲ್ಲಿ ಒಂದು ಕೊಟ್ಟೆ. ಮೂರಕ್ಕೂ ‘ಪರಿಶೀಲನೆಯಲ್ಲಿದೆ’ ಎಂಬ ಒಂದೇ ಉತ್ತರ ಬಂತು. ಇನ್ನು ನನಗೆ ಚೆನ್ನಾಗಿ ಬೈಯಲು ಬರುವ ಭಾಷೆಯಲ್ಲಿ, ನಾಲ್ಕು ಜನ ಓದುವ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ಇಲ್ಲಿ ನೌಕಾಪಡೆಯ ವಸತಿಯಲ್ಲೂ ವಿಜಯವಾಡದ ಬ್ಯಾಂಕಿನವರ ಮನೆಗಳಲ್ಲೂ ಈ ಪತ್ರಿಕೆ ಬರುತ್ತದೆ, ಆ ಮನೆಯವರೇ ನಿಮ್ಮ ಶಿಬಿರಗಳಿಗೂ ಬಂದವರು. ನಿಮಗೆ ಕನ್ನಡ ಬರುವುದಿಲ್ಲ ಎಂದು ಮಾತ್ರ ಹೇಳಬೇಡಿ. ಜುಲೈನಲ್ಲಿ ನಿಮ್ಮ ಕೋಣೆಯ ಹೊರಗಿನ ಬೆಂಚಿನ ಮೇಲೆ ಒಂದೂವರೆ ಗಂಟೆ ಕುಳಿತಿದ್ದೆ. ನೀವು ಫೋನಿನಲ್ಲಿ, “ಅಮ್ಮಾ, ಮಾತ್ರೆ ತಗೊಂಡ್ಯಾ? ರಿಪೋರ್ಟು ಬರೀ ಕೈಲಿಟ್ಕೊಂಡು ಕೂತ್ಕೋಬೇಡ, ಡಾಕ್ಟರ್‌ಗೆ ತೋರ್ಸು,” ಎಂದು ಹೇಳುತ್ತಿದ್ದುದು ಬಾಗಿಲಾಚೆಗೂ ಕೇಳಿಸಿತು. ಎಷ್ಟು ಒಳ್ಳೆಯ ಮಗ ಎಂದುಕೊಂಡೆ. ಒಳಗೆ ಕರೆದಾಗ ನನ್ನೊಡನೆ ಇಂಗ್ಲಿಷಿನಲ್ಲೇ ಮಾತಾಡಿದಿರಿ.

ನಾನು ಯಾರೆಂದು ಹೇಳಿಬಿಡುತ್ತೇನೆ. ಊರು ಅರಸೀಕೆರೆ. ನನ್ನ ಯಜಮಾನರು ದಿನಕರ, ನೌಕಾಪಡೆಯಲ್ಲಿ ಸಮುದ್ರದೊಳಗಿನ ಸದ್ದು ಕೇಳಿ ಗುರುತಿಸುವ ಕೆಲಸ. ಈ ಊರಿಗೆ ಬಂದು ಹದಿನಾರು ವರ್ಷವಾಯಿತು. ಕಮಲಾಳ ಗಂಡ, ನನ್ನ ಮೈದುನ ವೆಂಕಟೇಶ, ಬ್ಯಾಂಕಿನ ಅಧಿಕಾರಿ. ವರ್ಗವಾಗಿ ವಿಜಯವಾಡಕ್ಕೆ ಬಂದು ಭವಾನಿಪುರಂನಲ್ಲಿ ಮನೆ ಮಾಡಿದ್ದಾನೆ. ಕಳೆದ ವರ್ಷ ದಸರೆಗೆಂದು ಅವರ ಮನೆಗೆ ಹೋಗಿದ್ದಾಗ ಅಲ್ಲಿನ ಮಹಿಳಾ ಸಮಾಜದಲ್ಲಿ ನಿಮ್ಮ ಆಸ್ಪತ್ರೆಯ ಶಿಬಿರ ನಡೆಯಿತು. ಬಾಗಿಲಿಗೆ ದೊಡ್ಡ ಬಟ್ಟೆ ಕಟ್ಟಿದ್ದಿರಿ: ಕೋಸ್ತಾ ಆಂಧ್ರದಲ್ಲೇ ಮೊದಲು, ಯಂತ್ರದಿಂದ ಪರೀಕ್ಷೆ, ಮನುಷ್ಯರ ಕಣ್ತಪ್ಪಿಗೆ ಅವಕಾಶವಿಲ್ಲ! ಕಮಲಾಳಿಗೆ ಆಗಲೇ ಎರಡು ತಿಂಗಳಿಂದ ಹೊತ್ತಲ್ಲದ ಹೊತ್ತಿನಲ್ಲಿ ರಕ್ತ ಹೋಗುತ್ತಿತ್ತು. ಮುಟ್ಟು ನಿಲ್ಲುವ ವಯಸ್ಸು, ಇದೆಲ್ಲ ಸಹಜ ಎಂದು ಅವಳು ಬಾಯಿ ಮುಚ್ಚಿಕೊಂಡಿದ್ದಳು. ನಾನೇ ಕೈ ಹಿಡಿದು ಎಳೆದುಕೊಂಡು ಹೋದೆ. ಅವಳ ಜೊತೆಗೆ ನಾನೂ ಮಾದರಿ ಕೊಟ್ಟೆ.

ಅಲ್ಲಿ ದೇವಮ್ಮ ಎಂಬ ನರ್ಸಮ್ಮ ಇದ್ದರು. ಹೆರಿಗೆ ವಾರ್ಡಿನಲ್ಲಿ ಇಪ್ಪತ್ತು ವರ್ಷ ಕೆಲಸ ಮಾಡಿದ ಕೈ. ನಾಚಿಕೆಯಿಂದ ಮುದುಡಿ ಮಲಗಿದ ಒಬ್ಬೊಬ್ಬರಿಗೂ “ಭಯಪಡಕಂಡಮ್ಮಾ, ಒಕ್ಕ ನಿಮಿಷಂ” ಎಂದು ಧೈರ್ಯ ಹೇಳಿ, ನೋವಾಗದಿರಲೆಂದು ಜಾರುವ ಜೆಲ್ಲಿಯನ್ನು ಧಾರಾಳವಾಗಿ ಸವರಿ, ಆಮೇಲೆ ಬ್ರಷ್ಷಿನಿಂದ ಮಾದರಿ ತೆಗೆದು ಔಷಧದ ನೀರಿದ್ದ ಪುಟ್ಟ ಸೀಸೆಗೆ ಹಾಕುತ್ತಿದ್ದರು. ಅಷ್ಟು ಕರುಣೆಯಿಂದ ನನ್ನನ್ನು ಯಾವ ಆಸ್ಪತ್ರೆಯಲ್ಲೂ ಯಾರೂ ಮುಟ್ಟಿರಲಿಲ್ಲ. ಆ ಕರುಣೆಯೇ ಕೆಲಸ ಕೆಡಿಸಿತೆಂದು ನನಗೆ ತಿಳಿದದ್ದು ಒಂಬತ್ತು ತಿಂಗಳ ನಂತರ. ನಿಮ್ಮ ಯಂತ್ರ ಸೀಸೆಯ ನೀರನ್ನು ಸಣ್ಣ ಜಾಲರಿಯಲ್ಲಿ ಸೋಸಿ, ಅದರ ಮೇಲೆ ನಿಂತ ಜೀವಕೋಶಗಳನ್ನು ಗಾಜಿನ ಮೇಲೆ ತೆಳುವಾಗಿ ಹರಡುತ್ತದೆ, ಆಮೇಲೆ ಅವುಗಳ ಚಿತ್ರ ತೆಗೆಯುತ್ತದೆ. ಜೆಲ್ಲಿ ಬಿದ್ದರೆ ಜಾಲರಿ ಕಟ್ಟಿಕೊಳ್ಳುತ್ತದೆ. ಗಾಜು ಬಹುಪಾಲು ಬರಿದಾಗಿಯೇ ಉಳಿಯುತ್ತದೆ. ಜೆಲ್ಲಿ ಹಾಕಬಾರದು ಎಂಬ ಸೂಚನೆ ಇತ್ತಂತೆ. ಎಲ್ಲಿತ್ತು? ಇಂಗ್ಲಿಷಿನಲ್ಲಿ, ವಿಶಾಖಪಟ್ಟಣದಲ್ಲಿ, ನಿಮ್ಮ ಕೋಣೆಯ ಗೋಡೆಯ ಮೇಲೆ. ವಿಜಯವಾಡದ ದೇವಮ್ಮ ಅದನ್ನು ಕನಸಿನಲ್ಲಿ ಓದಬೇಕಿತ್ತೇ? ಈಗ ಅವರಿಗೆ ಮೆಮೋ ಕೊಟ್ಟಿದ್ದೀರಿ ಎಂದು ಕೇಳಿದೆ. ಕೋಣಕ್ಕೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಮಾತನ್ನು ನಿಮ್ಮ ತಾಯಿಯವರೂ ಹೇಳಿರಬೇಕು.

ನವೆಂಬರಿನಲ್ಲಿ ನಮ್ಮಿಬ್ಬರಿಗೂ ‘ದೋಷವಿಲ್ಲ’ ಎಂಬ ಕಾಗದ ಬಂತು. ಕಮಲಾಳಿಗೆ ರಕ್ತ ಹೋಗುವುದು ನಿಂತಿರಲಿಲ್ಲ. ಇನ್ನೊಬ್ಬ ಡಾಕ್ಟರಿಗೆ ತೋರಿಸು ಎಂದು ನಾನು ಫೋನಿನಲ್ಲಿ ಗೋಗರೆದೆ. “ಅಯ್ಯೋ ಅಕ್ಕಾ, ಅಷ್ಟು ದೊಡ್ಡ ಮೆಷಿನ್ನೇ ನೋಡಿ ಏನಿಲ್ಲ ಅಂದಿದೆ. ಅದಕ್ಕಿಂತ ಜಾಸ್ತಿ ತಿಳಿದೋರಾ ನೀವು? ಸುಮ್ನೆ ಜೀವ ತಿನ್ಬೇಡಿ,” ಎಂದು ನಕ್ಕಳು. ಜನವರಿಯಲ್ಲಿ ನಮ್ಮಲ್ಲಿಗೆ ಬಂದು ಸಿಂಹಾಚಲಂನ ಮೆಟ್ಟಿಲನ್ನೆಲ್ಲ ಹತ್ತಿ ಹರಕೆ ತೀರಿಸಿದಳು. ನಡುವೆ ಮೂರು ಸಲ ಕುಳಿತಳು, ಮುಖ ಬಿಳಿಚಿಕೊಂಡಿತ್ತು. ಕಾಗದವೊಂದು ಇದೆಯಲ್ಲ ಎಂದು ನಾನೂ ಸುಮ್ಮನಾದೆ. ಅದಕ್ಕೆ ನನ್ನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಜೂನಿನಲ್ಲಿ ಬಚ್ಚಲಲ್ಲಿ ಬಿದ್ದಾಗ ವೆಂಕಟೇಶ ಅವಳನ್ನು ಅಲ್ಲಿಯ ಒಬ್ಬ ಲೇಡಿ ಡಾಕ್ಟರ ಬಳಿಗೆ ಕರೆದೊಯ್ದ. ಅವರು ಯಂತ್ರವಿಲ್ಲದೆ, ಬರಿಗಣ್ಣಿನಲ್ಲೇ ನೋಡಿ ಗುರುತಿಸಿದರು. ದಸರೆಯ ಹೊತ್ತಿಗೇ ಗೊತ್ತಾಗಿದ್ದರೆ ಗರ್ಭಕೋಶ ತೆಗೆದು ಅಲ್ಲಿಗೆ ಮುಗಿಸಬಹುದಿತ್ತು, ಈಗ ಆಚೀಚೆ ಹರಡಿದೆ ಎಂದರು. ಕಮಲಾ ಆಗಲೂ ಚೀಲದಿಂದ ನಿಮ್ಮ ಕಾಗದವನ್ನು ತೆಗೆದು ಅವರ ಮೇಜಿನ ಮೇಲಿಟ್ಟು, “ಇದ್ರಲ್ಲಿ ಏನೂ ಇಲ್ಲ ಅಂತ ಇದೆಯಲ್ಲ ಡಾಕ್ಟ್ರೇ,” ಎಂದಳಂತೆ. ಇದನ್ನು ವೆಂಕಟೇಶ ಹೇಳುವಾಗ ನಾನು ಫೋನ್ ಕೆಳಗಿಟ್ಟು ಅತ್ತುಬಿಟ್ಟೆ.

ಆ ಕಾಗದ ಹಿಡಿದು ನಿಮ್ಮಲ್ಲಿಗೆ ಬಂದಾಗ ನೀವು ಹೇಳಿದ ಮೊದಲ ಮಾತು ಯಂತ್ರ ತಪ್ಪು ಮಾಡುವುದಿಲ್ಲ ಎಂಬುದು. ಸ್ವಾಮಿ, ನಾನು ಒಪ್ಪುತ್ತೇನೆ! ನಿಮ್ಮ ಯಂತ್ರ ತಪ್ಪು ಮಾಡಿಲ್ಲ. ನಿಮ್ಮ ಕಚೇರಿಯಲ್ಲಿ ನಿಜ ಹೇಳಿದ್ದು ಅದೊಂದೇ. ಅದು ಪ್ರತಿಯೊಂದು ಮಾದರಿಗೂ ಮೂರರಲ್ಲಿ ಒಂದು ಮಾತು ಅಚ್ಚು ಹಾಕುತ್ತದೆ: ‘ನೋಡಿದೆ, ಏನಿಲ್ಲ’, ‘ನೋಡಿದೆ, ಅನುಮಾನವಿದೆ’, ಇಲ್ಲವೇ ‘ನೋಡಲಾಗಲಿಲ್ಲ’. ಕಮಲಾಳ ಮಾದರಿಗೆ ಅದು ‘ನೋಡಲಾಗಲಿಲ್ಲ’ ಎಂದು ಸ್ಪಷ್ಟವಾಗಿ ಬರೆದಿತ್ತು. ಆದರೆ ನಿಮ್ಮ ವರದಿಯ ಫಾರಂನಲ್ಲಿ ಇರುವುದು ಎರಡೇ ಚೌಕ, ‘ದೋಷವಿದೆ’ ಮತ್ತು ‘ದೋಷವಿಲ್ಲ’. ಮೂರನೆಯದಕ್ಕೆ ಜಾಗವಿಲ್ಲ. ಅನುಮಾನ ಎಂದು ಬಾರದ ಎಲ್ಲವನ್ನೂ ‘ದೋಷವಿಲ್ಲ’ ಚೌಕಕ್ಕೆ ಹಾಕಿ ಎಂದು ನೀವೇ ಆದೇಶ ಕೊಟ್ಟಿರಿ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಗುಮಾಸ್ತರು ಹಾಗೆಯೇ ಹಾಕಿದರು.

ಮುಂಚೆ ಹೀಗೇಕೆ ಆಗುತ್ತಿರಲಿಲ್ಲ? ಇದನ್ನು ಹೇಳಿದವರು ನಿಮ್ಮಲ್ಲಿ ಇಪ್ಪತ್ತೆಂಟು ವರ್ಷ ಗಾಜು ನೋಡಿದ ಸೂರ್ಯಕಾಂತಮ್ಮನವರು. ಅವರ ಹೆಸರು ಬರೆಯಲೇ ಎಂದು ಹಿಂಜರಿದೆ. “ರಾಸೇಯಂಡಿ, ಬರೆದುಬಿಡಿ, ಪರ್ವಾಲೇದು. ಮಾರ್ಚಿನಲ್ಲಿ ರಿಟೈರಾಗಿದ್ದೇನೆ, ಇನ್ನು ನನಗೆ ಮೆಮೋ ಕೊಡಲು ಅವರು ಮಧುರವಾಡದ ನಮ್ಮ ಮನೆಗೇ ಬರಬೇಕು,” ಎಂದು ನಕ್ಕರು. ಅವರು ಸೂಕ್ಷ್ಮದರ್ಶಕದ ಕೆಳಗೆ ಗಾಜನ್ನು ಸಾಲು ಸಾಲಾಗಿ, ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ನೋಡುತ್ತಿದ್ದರು. ಮಾದರಿ ಸರಿಯಿಲ್ಲದಿದ್ದರೆ ಎರಡು ಚೌಕವನ್ನೂ ಮುಟ್ಟದೆ, ಫಾರಂನ ಅಂಚಿನಲ್ಲಿ ಕೆಂಪು ಶಾಯಿಯಿಂದ ‘ಕನಪಡಲೇದು, ಮಳ್ಳೀ ಪಂಪಂಡಿ’ ಎಂದು ಬರೆಯುತ್ತಿದ್ದರು. ಕಾಣಲಿಲ್ಲ, ಮತ್ತೆ ಕಳಿಸಿ. ಅಷ್ಟೇ. ನಿಮ್ಮ ಪ್ರಯೋಗಾಲಯದ ಮೂರನೆಯ ಚೌಕ ಆ ಹೆಂಗಸಿನ ಕೈಬರಹದಲ್ಲಿತ್ತು. ಯಂತ್ರ ಬಂದ ದಿನ ಅವರನ್ನು ರಕ್ತ ತೆಗೆಯುವ ಕಿಟಕಿಗೆ ಕಳಿಸಿದಿರಿ. ಫಾರಂ ಮಾತ್ರ ಹಳೆಯದೇ ಉಳಿಯಿತು. ಕಳೆದ ವರ್ಷದ ಶಿಬಿರಗಳ ಆರುನೂರ ನಲವತ್ತು ಮಾದರಿಗಳಲ್ಲಿ ನೂರ ಮೂವತ್ತೊಂದಕ್ಕೆ ಯಂತ್ರ ‘ನೋಡಲಾಗಲಿಲ್ಲ’ ಎಂದಿದೆ ಎಂದು ನಿಮಗೆ ಎರಡು ಸಲ ಬರೆದು ಎಚ್ಚರಿಸಿದವರೂ ಅವರೇ. ಎರಡೂ ಕಾಗದದ ನಕಲು ನನ್ನ ಹತ್ತಿರವಿದೆ. ಅದರಲ್ಲಿ ಉದಾಹರಣೆಗೆಂದು ಕೊಟ್ಟ ಕೆಲವೇ ಹೆಸರುಗಳಲ್ಲಿ ಕಮಲಾಳದೂ ಒಂದು, ಪೂರ್ತಿ ಪಟ್ಟಿ ಇರುವುದು ನಿಮ್ಮಲ್ಲಿ ಮಾತ್ರ.

ಇಷ್ಟನ್ನೂ ನಿಮ್ಮ ಮುಂದಿಟ್ಟಾಗ ನೀವು ಏನೆಂದಿರಿ, ನೆನಪಿದೆಯೇ? ಫಾರಂ ಐದು ಸಾವಿರ ಅಚ್ಚಾಗಿಬಿಟ್ಟಿದೆ, ಖಾಲಿಯಾದ ಮೇಲೆ ಹೊಸದರ ಬಗ್ಗೆ ಯೋಚಿಸೋಣ ಎಂದಿರಿ. ಶಭಾಷ್! ಫಾರಂ ಖಾಲಿಯಾಗುವವರೆಗೆ ಹೆಂಗಸರು ಕಾಯಬೇಕೇ, ಅಥವಾ ಹೆಂಗಸರು ಖಾಲಿಯಾಗುವವರೆಗೆ ಫಾರಂ ಕಾಯುತ್ತದೆಯೇ? ಮನೆಗೆ ಬಂದು ಯಜಮಾನರಿಗೆ ಹೇಳಿದೆ. ಅವರು ಹೆಚ್ಚು ಮಾತಿನವರಲ್ಲ. “ಕೇಳಿಸ್ಲಿಲ್ಲ ಅನ್ನೋದು ಬೇರೆ, ಏನೂ ಇಲ್ಲ ಅನ್ನೋದು ಬೇರೆ ಕಣೇ. ಹಡಗಲ್ಲಿ ನಾನು ಹಿಂಗೆ ಬರ್ದಿದ್ರೆ ಅವತ್ತೇ ಮನೆಗೆ ಕಳಿಸ್ತಿದ್ರು,” ಎಂದರು. ನಿಮಗೆ ಬಡ್ತಿ ಸಿಗಲಿದೆ ಎಂಬ ಸುದ್ದಿ ಅವರಿಗೆ ನಾನು ಹೇಳಲಿಲ್ಲ.

ಪ್ರಗತಿಯ ವಿರೋಧಿ ಎಂದು ನನ್ನನ್ನು ತಳ್ಳಿಹಾಕಲು ನೋಡಬೇಡಿ. ಆ ಯಂತ್ರ ಇರಲಿ. ದಿನಕ್ಕೆ ನೂರು ಗಾಜು ತಯಾರಿಸಲಿ, ಚಿತ್ರ ತೆಗೆಯಲಿ, ಸಾವಿರಾರು ಕೋಶಗಳಲ್ಲಿ ಅನುಮಾನದ್ದನ್ನು ಹೆಕ್ಕಿ ಡಾಕ್ಟರ ಮುಂದಿಡಲಿ. ಸೂರ್ಯಕಾಂತಮ್ಮನವರೇ ಅದರ ಕೆಲಸವನ್ನು ಹೊಗಳುತ್ತಾರೆ. ನನ್ನ ಜಗಳ ಅದರ ಮಾತನ್ನು ಅಳಿಸಿ ತಮ್ಮ ಮಾತು ಬರೆದವರ ಮೇಲೆ.

ನನ್ನ ಬೇಡಿಕೆ ಸಣ್ಣದು. ಆ ಹೆಂಗಸರ ಹೆಸರು, ವಿಳಾಸ ನಿಮ್ಮ ರಿಜಿಸ್ಟರಿನಲ್ಲಿವೆ. ಒಬ್ಬೊಬ್ಬರಿಗೂ ಒಂದು ಅಂಚೆ ಕಾರ್ಡು ಹಾಕಿ: ‘ನಿಮ್ಮದನ್ನು ನಾವು ನೋಡಿಲ್ಲ. ನೋಡಿದ್ದೇವೆ ಎಂದದ್ದು ತಪ್ಪು. ಮತ್ತೆ ಬನ್ನಿ.’ ಬರೆಯಲು ನಿಮ್ಮಲ್ಲಿ ಕೈಗಳಿಲ್ಲದಿದ್ದರೆ ಪಟ್ಟಿ ಕೊಡಿ, ನಾನು ಬರೆಯುತ್ತೇನೆ. ಸೂರ್ಯಕಾಂತಮ್ಮನವರು ಬಸ್ಸು ಹಿಡಿದು ಬಂದು ಸಂಬಳವಿಲ್ಲದೆ ಗಾಜು ನೋಡುತ್ತೇನೆ ಎಂದಿದ್ದಾರೆ. ದೇವಮ್ಮನವರ ಮೆಮೋ ವಾಪಸು ಪಡೆಯಿರಿ, ಫಾರಂನಲ್ಲಿ ಮೂರನೆಯ ಚೌಕ ಹಾಕಿಸಿ. ಮುಂದಿನ ಸೋಮವಾರ ಬೆಳಿಗ್ಗೆ ಹತ್ತಕ್ಕೆ ನಾನು ಅದೇ ಬೆಂಚಿನ ಮೇಲಿರುತ್ತೇನೆ. ಪಟ್ಟಿ ಸಿಗದಿದ್ದರೆ ನಿಮ್ಮ ಶಿಬಿರ ನಡೆದ ಒಂದೊಂದು ಬೀದಿಗೂ ಹೋಗಿ, ಯಾರ ಕಾಗದ ನಿಜವೋ ಯಾರದು ಸುಳ್ಳೋ ಇವರು ಹೇಳುತ್ತಿಲ್ಲ, ಆರುನೂರ ನಲವತ್ತೂ ಜನ ಮತ್ತೆ ಪರೀಕ್ಷೆ ಮಾಡಿಸಿಕೊಳ್ಳಿ ಎಂದು ಬಾಗಿಲು ಬಡಿದು ಹೇಳುತ್ತೇನೆ. ಯಂತ್ರ ಸರಿಯಾಗಿ ನೋಡಿದ ಐನೂರ ಒಂಬತ್ತನ್ನೂ ಆಮೇಲೆ ಯಾರೂ ನಂಬುವುದಿಲ್ಲ. ಅದರ ಹೊಣೆಯೂ ನಿಮ್ಮದೇ.

ನನ್ನ ಮಾದರಿ ಆ ನೂರ ಮೂವತ್ತೊಂದರಲ್ಲಿ ಇದೆಯೇ ಎಂದು ಮೂರೂ ಅರ್ಜಿಗಳಲ್ಲಿ ಕೇಳಿದ್ದೆ. ನೀವು ಹೇಳಲಿಲ್ಲ. ಗುರುವಾರ ಬೇರೆ ಕಡೆ ಪರೀಕ್ಷೆಗೆ ಹೋಗುತ್ತಿದ್ದೇನೆ. ಭಯವಾಗುತ್ತಿದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ನನಗೆ ಭಯಪಡಲು ಕಾರಣವಿದೆಯೆಂದಾದರೂ ಗೊತ್ತು. ಉಳಿದವರು ನಿಮ್ಮ ಮೊಹರನ್ನು ನಂಬಿ ಹಾಯಾಗಿದ್ದಾರೆ.

ಕಾರ್ಡುಗಳನ್ನು ಇವತ್ತೇ ಹಾಕಿ. ಕಮಲಾಳಿಗೆ ಬೇಡ, ಅವಳಿಗೆ ಗೊತ್ತಾಗಿದೆ.

ಇಂತಿ,
ನೀವು ನೋಡಿದಿರೋ ಇಲ್ಲವೋ ಎಂದು ಇನ್ನೂ ತಿಳಿಯದ,
ವಿಜಯಲಕ್ಷ್ಮೀ ದಿನಕರ
(ನಿಮ್ಮ ಕಾಗದದ ಪ್ರಕಾರ, ದೋಷವಿಲ್ಲದವಳು)