ಭಜನೆಯ ಕೈ

ನವೆಂಬರ್ ೬, ಗುರುವಾರ

ಸಿದ್ಧಲಿಂಗೇಶನ ಕೈ ಕಟ್ಟಿಹಾಕಬೇಕು. ಡ್ರಮ್ ಬಾರಿಸುವವನು ಕೊನೆಯವರೆಗೂ ಒಂದೇ ವೇಗ ಹಿಡಿಯಬೇಕು, ರಾಕ್ ಬ್ಯಾಂಡಿನ ಮೊದಲ ಪಾಠವೇ ಅದು. ಇವನು ಕಲಿತದ್ದು ಆನವಟ್ಟಿಯ ಭಜನಾ ಮಂಡಳಿಯಲ್ಲಿ. ಶನಿವಾರ ಶಿಕಾರಿಪುರದಲ್ಲಿ ಕಾಲೇಜಿನ ವೇದಿಕೆ ಹತ್ತಬೇಕು, ಇವತ್ತೂ ಅವನ ಮನೆಯ ಜಗುಲಿಯಲ್ಲಿ ಅರ್ಧ ಹಾಡಿಗೇ ವೇಗ ಏರಿಸಿ ಓಟ ಕಿತ್ತ. ಹಾಡುತ್ತಿದ್ದ ಯೋಗೇಶನಿಗೆ ಉಸಿರು ಸಾಲಲಿಲ್ಲ. ನನ್ನ ಬೇಸ್ ಗಿಟಾರ್ ಎಲ್ಲೋ ಹಿಂದೆ ಉಳಿಯಿತು.

"ಸ್ವಲ್ಪ ನಿಧಾನ ಬಾರ್ಸೋ ಮಾರಾಯ" ಅಂದೆ.

"ಜೋರಾಗ್ದೆ ಹಾಡು ಮುಗಿಯೋದಾದ್ರೂ ಹೆಂಗೆ?" ಅಂದ.

ಮತ್ತೆ ಶುರು ಮಾಡಿದೆವು, ಮತ್ತೆ ಓಡಿದ. ಧಡಾರನೆ ನಿಲ್ಲಿಸಿದ್ದೇ ತಡ, ಭಜನೆ ಮುಗಿಯಿತೆಂದುಕೊಂಡು ಅವನ ಅಜ್ಜಿ ರಾಜೇಶ್ವರಮ್ಮ ಒಳಗಿಂದ ಮಂಗಳಾರತಿ ತಟ್ಟೆ ಹಿಡಿದು ಬಂದರು.

ಹಾಡಿನ ಹೆಸರು 'ದೇವರೆಂಬ ಸುಳ್ಳು'. ಮೂವರೂ ತೆಪ್ಪಗೆ ಆರತಿ ತೆಗೆದುಕೊಂಡೆವು. ಹಾಡು ಬರೆದ ಯೋಗೇಶ ಎರಡು ಸಲ.